ಹಿಡಿದು ಬಿಟ್ಟ ಮೀನಿನ ಕಥೆ

(ಬಾನುಲಿ ಭಾಷಣ)

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟವನಿಗೆ ಪೀರನವಾಡಿಯಲ್ಲಿ ದಾರಿ ಎರಡಾಗುತ್ತದೆ. ಒಂದು ಖಾನಾಪುರಕ್ಕೆ ಹೋಗುತ್ತದೆ. ಇನ್ನೊಂದು ಜಾಂಬೋಟಿಯ ಕಾಡನ್ನು ಹೊಕ್ಕು ಕಣಕುಂಬಿಗೆ ಏರುತ್ತದೆ. ಯಾವ ದಾರಿಯನ್ನು ಹಿಡಿದರೂ ಎದುರಾಗುವ ಹೊಳೆ ಒಂದೇ, ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಅದು ಪೂರ್ವಸಮುದ್ರದ ದಾರಿಯನ್ನು ಹಿಡಿಯುತ್ತದೆ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಮಹದಾಯಿಯಾಗಿ ಗೋವೆಗಿಳಿದು ಪಶ್ಚಿಮಸಮುದ್ರವನ್ನು ಸೇರುತ್ತದೆ. ಒಂದು ಏಣಿನ ಅಂತರದಲ್ಲಿ ನೀರು ಎರಡು ಕಡಲುಗಳಿಗೆ ಹಂಚಿಹೋಗುವ ನಾಡು ನಮ್ಮದು. ಇಂದಿನ ನನ್ನ ಮಾತಿಗೆ ಈ ಸಂಗತಿ ಅಡಿಗಲ್ಲು. ಆದುದರಿಂದ ಇದನ್ನು ಮೊದಲೇ ಹೇಳಿದೆ.

ನಾನು ಗಾಳ ಹಾಕಲು ಕಲಿತದ್ದು ಮಲಪ್ರಭೆಯ ದಂಡೆಯಲ್ಲಿ, ಅಜ್ಜನ ಪಕ್ಕದಲ್ಲಿ ಕುಳಿತು. ಬಿದಿರಿನ ಕೋಲು, ಹುರಿದಾರ, ಜೋಳದ ದಂಟಿನ ಬೆಂಡು, ತಿಪ್ಪೆಯ ಮಗ್ಗುಲಲ್ಲಿ ಅಗೆದು ತಂದ ಎರೆಹುಳು: ಇಷ್ಟೇ ನಮ್ಮ ಸಾಧನ. ಒಮ್ಮೆ ಗೇಣುದ್ದದ ಮರಿಯೊಂದು ಸಿಕ್ಕಿತು. ಬುಟ್ಟಿಗೆ ಹಾಕಹೋದ ನನ್ನನ್ನು ಅಜ್ಜ ತಡೆದ.

“ತಮ್ಮಾ, ಇದು ಇನ್ನೂ ಕೂಸು ಐತಿ. ಹೊಳಿಗೆ ಬಿಡು.”

“ಬಿಟ್ರ ಬದುಕತೈತೇನು, ಅಜ್ಜಾ?”

“ಕೈ ತೊಯಿಸಿಕೊಂಡು ಹಿಡಿ, ಬದುಕತೈತಿ. ಒಣ ಕೈಲೆ ಹಿಡದ್ರ ಅದರ ಮೈ ಸುಟ್ಟಂಗ ಆಗತೈತಿ.”

ಶಾಲೆಯನ್ನು ಕಾಣದ ಅಜ್ಜನ ಈ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಇಂದು ಲೋಕದ ಅನೇಕ ದೇಶಗಳಲ್ಲಿ ಒಂದು ಶಾಸ್ತ್ರವಾಗಿ ಬೆಳೆದಿದೆ. ಆ ಶಾಸ್ತ್ರದ ಕಥೆಯನ್ನೂ, ಅದು ನಮ್ಮ ಕನ್ನಡನಾಡಿನ ಒಂದು ಮಹಾಮತ್ಸ್ಯದ ಬಾಳಿನಲ್ಲಿ ಹೇಗೆ ಸಹಾಯಕವಾಯಿತು, ಎಲ್ಲಿ ಸಾಲದೆ ಹೋಯಿತು ಎಂಬುದನ್ನೂ ಇಂದು ನಿವೇದಿಸುತ್ತೇನೆ.

ಗಾಳದ ವಿನೋದ ಇಂಗ್ಲಿಷರು ತಂದದ್ದೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಅದು ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ವಿಶ್ವಕೋಶವನ್ನು ರಚಿಸಿದ. ಐದು ವಿಂಶತಿಗಳುಳ್ಳ ಆ ಗ್ರಂಥದ ನಾಲ್ಕನೆಯದು ರಾಜರ ವಿನೋದಗಳಿಗೆ ಮೀಸಲು. ಅದರಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವೇ ಇದೆ. ಯಾವ ಮೀನು ಎಂಥದು, ಯಾವುದಕ್ಕೆ ಏನನ್ನು ಆಹಾರವಾಗಿ ಹಾಕಬೇಕು, ಅದನ್ನು ಗಾಳದಿಂದ ಹೇಗೆ ಹಿಡಿಯಬೇಕು ಎಂಬುದನ್ನು ದೊರೆ ಅಲ್ಲಿ ವಿವರಿಸಿದ್ದಾನೆ. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರಬಂಧ ಬರೆದು ವಿದ್ವಾಂಸರ ಗಮನವನ್ನು ಅದರತ್ತ ಸೆಳೆದರು. ಗಾಳವನ್ನು ಕುರಿತ ಇಂಗ್ಲಿಷಿನ ಪ್ರಸಿದ್ಧ ಮೊದಲ ಪ್ರಬಂಧ ಅಚ್ಚಾದದ್ದು 1496ರಲ್ಲಿ. ಐಜಾಕ್ ವಾಲ್ಟನ್ನನ ಜನಪ್ರಿಯ ಕೃತಿ ಹೊರಬಂದದ್ದು 1653ರಲ್ಲಿ. ನಮ್ಮ ದೊರೆಯ ಬರವಣಿಗೆ ಅವೆರಡಕ್ಕಿಂತಲೂ ಹಿರಿಯದು. ಈ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮೀನನ್ನು ಹಿಡಿಯಬೇಕಾದರೆ ಮೊದಲು ಅದು ಯಾವ ಮೀನೆಂದು ಬಲ್ಲವನಾಗಬೇಕು ಎಂಬ ಕ್ರಮ ಆ ಅಧ್ಯಾಯದಲ್ಲಿದೆ. ಆ ಕ್ರಮವನ್ನು ಮರೆತದ್ದರಿಂದ ಏನಾಯಿತೆಂಬುದನ್ನು ಮುಂದೆ ನೋಡೋಣ.

ಇಂಗ್ಲಿಷರ ಕಾಲದಲ್ಲಿ ಈ ವಿದ್ಯೆಗೆ ನಮ್ಮ ಕರಾವಳಿಯೇ ಮತ್ತೊಂದು ನೆಲೆಯಾಯಿತು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ‘ದಿ ರಾಡ್ ಇನ್ ಇಂಡಿಯಾ’ ಗಾಳಗಾರರ ಕೈಪಿಡಿಯಾಯಿತು. ಅವನ ಮೆಚ್ಚಿನ ಮೀನು ಮಹಶೀರ್. ಕಾವೇರಿ ತೀರದವರು ಬಿಳಿಮೀನು ಎನ್ನುವುದು ಇದನ್ನೇ. ತುಳುನಾಡಿನವರು ಪೆರುವೊಳು ಎನ್ನುತ್ತಾರೆ. ತನ್ನ ದೇಶದ ಸಾಲ್ಮನ್ ಮೀನಿಗಿಂತಲೂ ಇದು ಬಲಶಾಲಿಯೆಂದು ಅವನು ವಾದಿಸಿದ. ಆದರೆ ಅವನು ಕೇವಲ ಬೇಟೆಗಾರನಲ್ಲ. ಹೊಳೆಗೆ ವಿಷ ಬೆರೆಸುವುದನ್ನೂ, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚುವುದನ್ನೂ ಕಂಡು ಮರುಗಿದ. ಸರಕಾರಕ್ಕೆ ವರದಿಗಳನ್ನು ಬರೆದ. ಅಂಥ ಒತ್ತಾಯಗಳ ಫಲವಾಗಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂದಿತು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದು ಅಂದಿನಿಂದ ಅಪರಾಧವಾಯಿತು.

ಹಾಗಿದ್ದರೂ ಹಿಡಿದ ಮೀನನ್ನು ಬಿಡಬೇಕೆಂಬ ಕಲ್ಪನೆ ಆ ಕಾಲದ ಬೇಟೆಗಾರರಲ್ಲಿ ಬೇರೂರಿರಲಿಲ್ಲ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ಹೊಳೆಯಲ್ಲಿ 120 ಪೌಂಡು ತೂಗುವ, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಗಾಳದಲ್ಲಿ ಹಿಡಿದರು. ಅದು ಇಂದಿಗೂ ಮಾತಿಗೆ ಬರುವ ದಾಖಲೆ. ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಡುವುದೇ ಆ ಮನೆತನದ ಕಸುಬು. ದೊಡ್ಡ ಮೀನೆಂದರೆ ಗೋಡೆಯ ಅಲಂಕಾರ, ಇಲ್ಲವೆ ಊಟದ ಪದಾರ್ಥ. ಅದು ಆ ದಿನಗಳ ಸಹಜ ನಡತೆ.

ಅಮೆರಿಕದಲ್ಲಿಯೂ ಹಾಗೆಯೇ ಇತ್ತು. ಅಲ್ಲಿಯ ಜನಪ್ರಿಯ ಮೀನು ಬ್ಲ್ಯಾಕ್ ಬಾಸ್. ಕೆರೆ ಸರೋವರಗಳ ಪಾಚಿ, ಮುಳುಗಿದ ಮರದ ಬೊಡ್ಡೆಗಳ ಮರೆಯಲ್ಲಿ ಹೊಂಚಿ ಕುಳಿತು, ಹಾದುಹೋಗುವ ಕಪ್ಪೆಯನ್ನೋ ಸಣ್ಣ ಮೀನನ್ನೋ ಥಟ್ಟನೆ ನುಂಗುವುದು ಅದರ ಸ್ವಭಾವ. ಆದುದರಿಂದ ಅದನ್ನು ಹಿಡಿಯುವವರು ಕಪ್ಪೆಯಂತೆ, ಮೀನಿನಂತೆ, ಹುಳುವಿನಂತೆ ಮಾಡಿದ ಕೃತಕ ಎರೆಗಳನ್ನು ದೂರಕ್ಕೆ ಎಸೆದು, ಜೀವವಿದ್ದಂತೆ ಆಡಿಸುತ್ತ ರೀಲಿಗೆ ದಾರವನ್ನು ಸುತ್ತಿಕೊಳ್ಳುತ್ತಾರೆ. 1932ರ ಜೂನ್ 2ರಂದು ಜಾರ್ಜಿಯಾ ಪ್ರಾಂತದ ಜಾರ್ಜ್ ಪೆರ್ರಿ ಎಂಬ ತರುಣ ಹಿಡಿದ ಬಾಸ್ 22 ಪೌಂಡು 4 ಔನ್ಸ್ ತೂಗಿತು, ಅದು ಜಗದ್ದಾಖಲೆ. ಅವನು ಅದನ್ನು ಮನೆಗೆ ಒಯ್ದ. ಮನೆಯವರು ಬೇಯಿಸಿ ತಿಂದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬಡ ಕುಟುಂಬವೊಂದು ಬೇರೇನು ಮಾಡೀತು? ನಾನು ಇದನ್ನು ನಿಂದಿಸಲಾರೆ. ಹಸಿದವನು ತಿಂದ ಮೀನಿಗೂ, ಮೋಜಿಗಾಗಿ ಹಿಡಿದು ದಂಡೆಯ ಮೇಲೆ ಕೊಳೆಯಲು ಬಿಟ್ಟ ಮೀನಿಗೂ ಇರುವ ವ್ಯತ್ಯಾಸ ದೊಡ್ಡದು.

ಮೋಜಿನ ಗಾಳಗಾರರ ಮನಸ್ಸನ್ನು ತಿರುಗಿಸಿದವರಲ್ಲಿ ಇಬ್ಬರನ್ನು ಹೆಸರಿಸಬೇಕು. ಒಳ್ಳೆಯ ಮೀನು ಒಂದೇ ಸಲ ಹಿಡಿದು ಮುಗಿಸಲಾಗದಷ್ಟು ಬೆಲೆಯುಳ್ಳದ್ದೆಂದು ಲೀ ವುಲ್ಫ್ 1939ರ ತನ್ನ ಕೈಪಿಡಿಯಲ್ಲಿ ಬರೆದ. ಬಾಸ್ ಮೀನಿನ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ರೇ ಸ್ಕಾಟ್, ಹಿಡಿದುದನ್ನು ಕೊಲ್ಲಬೇಡಿರೆಂಬ ಚಳವಳಿಯನ್ನು 1972ರಲ್ಲಿ ಹೂಡಿದ. ದೋಣಿಯಲ್ಲಿಯೇ ಗಾಳಿಯಾಡುವ ನೀರಿನ ತೊಟ್ಟಿಗಳನ್ನಿರಿಸಿ, ತೂಕವಾದೊಡನೆ ಮೀನುಗಳನ್ನು ಸರೋವರಕ್ಕೆ ಬಿಡುವ ಪದ್ಧತಿ ಹೀಗೆ ಹಬ್ಬಿತು.

ಬಿಡುವುದೆಂದರೆ ಎಸೆಯುವುದಲ್ಲ; ಅದಕ್ಕೂ ಒಂದು ವಿಧಾನವುಂಟು. ಮೀನಿನ ಮೈಮೇಲೆ ತೆಳುವಾದ ಲೋಳೆಯ ಹೊದಿಕೆ ಇದೆ. ರೋಗಾಣುಗಳಿಂದ ಅದನ್ನು ಕಾಯುವ ಕವಚ ಅದೇ. ಒಣಗೈಯಿಂದ ಹಿಡಿದರೆ, ಕಾದ ಬಂಡೆಯ ಮೇಲೆ ಇಟ್ಟರೆ, ಆ ಹೊದಿಕೆ ಕಿತ್ತುಹೋಗುತ್ತದೆ. ನನ್ನ ಅಜ್ಜ ಹೇಳಿದ ಸುಟ್ಟ ಮೈ ಇದೇ. ಗಾಳದ ಮೊನೆಯ ಹಿಂಮುಳ್ಳನ್ನು ಮೊದಲೇ ಒತ್ತಿ ಸಮಮಾಡಿದ್ದರೆ ಬಾಯಿಗೆ ಹೆಚ್ಚು ಗಾಯವಾಗದೆ ಕೊಂಡಿ ಕಳಚುತ್ತದೆ. ದಾರ ತೀರ ಸಣ್ಣದಾಗಿದ್ದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ. ದಣಿದ ಮಾಂಸಖಂಡಗಳಲ್ಲಿ ಆಮ್ಲ ಸೇರಿ, ಬಿಟ್ಟ ಮೇಲೂ ಮೀನು ಸಾಯಬಹುದು. ಆದುದರಿಂದ ಮೀನಿನ ಬಲಕ್ಕೆ ತಕ್ಕ ಗಟ್ಟಿ ದಾರವನ್ನು ಬಳಸುವುದೂ ದಯೆಯ ಒಂದು ರೂಪವೇ. ಅದನ್ನು ನೀರಿನಲ್ಲಿಯೇ ಇಟ್ಟು ಗಾಳವನ್ನು ಬಿಡಿಸಬೇಕು. ಗಾಳ ಗಂಟಲಿಗಿಳಿದಿದ್ದರೆ ಎಳೆದಾಡದೆ ದಾರವನ್ನು ಕತ್ತರಿಸಬೇಕು. ಕೊನೆಗೆ ಹರಿವಿಗೆ ಮುಖಮಾಡಿಸಿ, ಹೊಟ್ಟೆಯ ಕೆಳಗೆ ಕೈಯಾನಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವ ತನಕ ಕಾಯಬೇಕು.

ಇವೆಲ್ಲ ಸಾಮಾನ್ಯ ನಿಯಮಗಳು. ಇವುಗಳ ಮೇಲೆ ಒಂದೊಂದು ಜಾತಿಯ ಮೀನಿಗೂ ಅದರದೇ ಆದ ನಿಯಮಗಳಿವೆ. ಬಾಸ್ ಮೀನಿನ ಗಂಡು ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಕಾವಲಿನ ಆ ಗಂಡನ್ನು ಕ್ಷಣಕಾಲ ಹಿಡಿದರೂ ಬೇರೆ ಮೀನುಗಳು ಬಂದು ಮೊಟ್ಟೆಗಳನ್ನು ತಿಂದುಹಾಕುತ್ತವೆ. ಮಹಶೀರ್ ಹಾಗಲ್ಲ. ಅದು ಮಳೆಗಾಲದ ಹೊಸನೀರಿಗೆ ಎದುರಾಗಿ ಮೇಲಿನ ಕಲ್ಲುಹೊಳೆಗಳಿಗೆ ಏರುತ್ತದೆ. ಅಲ್ಲಿ ಮೊಟ್ಟೆಯಿಟ್ಟು ಹಿಂದಿರುಗುತ್ತದೆ. ಹೀಗೆ ಹೊಸನೀರಿಗೆ ಏರಿಬರುವ ಮೀನುಗಳನ್ನು ಮಲೆನಾಡಿನವರು ಹತ್ತುಮೀನು ಎನ್ನುತ್ತಾರೆ. ಏರುವ ತಾಯಿಯನ್ನು ಹಿಡಿದರೆ ಮುಂದಿನ ಪೀಳಿಗೆಯನ್ನೇ ಹಿಡಿದಂತೆ.

ಇನ್ನು ಕಾವೇರಿಯ ಕಥೆಗೆ ಬರುತ್ತೇನೆ. ಕಾವೇರಿ ಕೊಳ್ಳದ ಹೊರತು ಲೋಕದ ಬೇರೆಲ್ಲಿಯೂ ಇಲ್ಲದ ಒಂದು ಮಹಶೀರ್ ಜಾತಿ ಇದೆ. ತಲೆಯ ಹಿಂದೆ ಬೆನ್ನು ಡುಬ್ಬವಾಗಿ ಏಳುವುದರಿಂದ ಅದನ್ನು ಡುಬ್ಬದ ಮಹಶೀರ್ ಎನ್ನಬಹುದು. ಹೊನ್ನಿನ ಬಣ್ಣ, ಕಿತ್ತಳೆಯ ರೆಕ್ಕೆ. ದವಡೆಯಲ್ಲಿ ಹಲ್ಲಿಲ್ಲ; ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನು ಅದು ಅಲ್ಲಿಯೇ ಪುಡಿಮಾಡುತ್ತದೆ. 1970ರ ದಶಕದ ಹೊತ್ತಿಗೆ ಸಿಡಿಮದ್ದು, ಅಣೆಕಟ್ಟುಗಳಿಂದ ಈ ಮೀನಿನ ಕಥೆ ಮುಗಿಯಿತೆಂದೇ ಅನೇಕರು ತಿಳಿದಿದ್ದರು. 1978ರಲ್ಲಿ ಬ್ರಿಟನ್ನಿನಿಂದ ನೆಲದ ಮಾರ್ಗವಾಗಿ ಬಂದ ಮೂವರು ತರುಣರ ತಂಡ ಕಾವೇರಿಯಲ್ಲಿ ಗಾಳ ಹಾಕಿ ಅದು ಇನ್ನೂ ಇದೆಯೆಂದು ತೋರಿಸಿಕೊಟ್ಟಿತು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಕಾವಲಿಗೆ ತೆಗೆದುಕೊಂಡಿತು. ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮಹಶೀರನ್ನು ಬಿಡಲೇಬೇಕೆಂಬುದು ಅಲ್ಲಿಯ ಕಟ್ಟಳೆ.

ಆ ಶಿಬಿರಗಳ ವಿದ್ಯೆ ನಮ್ಮ ಹಳ್ಳಿಗರದೇ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಮುದ್ದೆ ಕಟ್ಟಿ, ದಪ್ಪ ಗಾಳಕ್ಕೆ ಮೆತ್ತಿ, ಬಂಡೆಗಳ ನಡುವಣ ಸೆಳವಿನ ತಳಕ್ಕೆ ಇಳಿಬಿಡುವುದು. ಮೀನು ಸೆಳೆದು ಓಡಿದಾಗ ಹರಿಗೋಲಿನಲ್ಲಿ ಅದರ ಹಿಂದೆಯೇ ಸಾಗುವುದು. ಮಾರ್ಗದರ್ಶಕರಾದವರು ಸುತ್ತಲಿನ ಹಳ್ಳಿಗಳವರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಬದುಕಿದ ಮೀನೇ ಕೂಲಿ ತರುತ್ತದೆಂದಾದಾಗ ಹೊಳೆಗೆ ಸಿಡಿಮದ್ದು ಹಾಕುವವನನ್ನು ಅವರೇ ತಡೆದರು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಈ ಸತ್ಕಾರ್ಯದ ನಡುವೆಯೇ ಒಂದು ತಪ್ಪು ನಡೆದುಹೋಯಿತು. ಅದರ ಮೂಲ ನಮ್ಮ ಕಡೆಯ ನೀರಿನಲ್ಲಿದೆ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬವನು ಪುಣೆಯ ಬಳಿಯ ಮುಳಾ-ಮುಠಾ ಹೊಳೆಯ ಮಹಶೀರನ್ನು ವರ್ಣಿಸಿ ಅದಕ್ಕೆ ‘ಖುದ್ರೀ’ ಎಂಬ ಹೆಸರನ್ನು ಶಾಸ್ತ್ರದಲ್ಲಿ ಸೇರಿಸಿದ. ನೀಲಿ ರೆಕ್ಕೆಯ ಈ ಮೀನು ಕೃಷ್ಣಾ ಕೊಳ್ಳದ್ದು. ನಮ್ಮ ಮಲಪ್ರಭೆಯೂ ಆ ಕೊಳ್ಳದ ನದಿಯೇ. ಲೋಣಾವಳೆಯಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಈ ಮೀನಿನ ಮರಿಗಳನ್ನು ಕೃತಕವಾಗಿ ಬೆಳೆಸುವಲ್ಲಿ ಜಯಗಳಿಸಿದರು. ಅದು ಹೊಗಳತಕ್ಕ ಕೆಲಸ. ಮಹಶೀರ್ ಕ್ಷೀಣಿಸುತ್ತಿದ್ದ ಹೊಳೆಗಳಿಗೆಲ್ಲ ಆ ಮರಿಗಳನ್ನು ಹಂಚಲಾಯಿತು. ಹಾಗೆಯೇ ಅವು ಕಾವೇರಿಗೂ ಬಂದವು. ಬಿಟ್ಟವರ ಉದ್ದೇಶ ನಿರ್ಮಲವಾದದ್ದು. ಮಹಶೀರ್ ಮಹಶೀರೇ ಅಲ್ಲವೆ ಎಂಬುದು ಅಂದಿನ ತಿಳುವಳಿಕೆ.

ಇದರ ಫಲವನ್ನು ತೋರಿಸಿಕೊಟ್ಟದ್ದು ಗಾಳಗಾರರ ದಿನಚರಿ ಪುಸ್ತಕ. ಗಾಲಿಬೋರೆಯ ಶಿಬಿರದಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಣ್ಣದ, ಎಷ್ಟು ತೂಕದ ಮೀನು ಸಿಕ್ಕಿತು ಎಂಬುದನ್ನು ಬರೆದಿಡುತ್ತಿದ್ದರು. 1998ರಿಂದ 2012ರ ತನಕದ ಆ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳ, 6,161 ಮೀನುಗಳು. ಅವುಗಳಲ್ಲಿ ನೂರಕ್ಕೆ ಸುಮಾರು 95 ನೀಲಿ ರೆಕ್ಕೆಯವು. ಸಣ್ಣವು ದೊಡ್ಡವು ಎಲ್ಲ ಗಾತ್ರದಲ್ಲಿಯೂ ಇದ್ದವು. ಹೊನ್ನಿನ ಬಣ್ಣದ ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ ಬಂದಿತ್ತು. ಸಿಕ್ಕ ಮೀನುಗಳ ಸರಾಸರಿ ಗಾತ್ರ ಮಾತ್ರ ಹೆಚ್ಚುತ್ತಿತ್ತು. ಮೀನು ದೊಡ್ಡದಾಗುತ್ತಿದೆಯೆಂದು ಗಾಳಗಾರ ಹಿಗ್ಗಬಹುದು. ಆದರೆ ಅದರ ಅರ್ಥ ಬೇರೆ. ಮುದುಕರಷ್ಟೇ ಉಳಿದು ಮಕ್ಕಳ ಧ್ವನಿ ಕೇಳದ ಊರಿನಂತೆ, ಆ ಕುಲದಲ್ಲಿ ಮರಿಗಳು ಹುಟ್ಟಿ ಬೆಳೆಯುತ್ತಿರಲಿಲ್ಲ.

ಇನ್ನೂ ಒಂದು ವಿಪರ್ಯಾಸವಿದೆ. ಕಾವೇರಿಯ ಈ ಮಹಾಮತ್ಸ್ಯಕ್ಕೆ ಅಲ್ಲಿಯ ತನಕ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಬಹುಕಾಲ ‘ಮುಸ್ಸುಲ್ಲಾ’ ಎಂಬ ಹೆಸರಿನಿಂದ ಅದನ್ನು ಕರೆದರು. ಆ ಹೆಸರು ಸಲ್ಲಬೇಕಾದದ್ದು ಬೇರೆಯೇ ಒಂದು ಮೀನಿಗೆ. 2018ರಲ್ಲಿ ವಿಜ್ಞಾನಿಗಳ ತಂಡವೊಂದು ಮೋಯಾರ್ ಹೊಳೆಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಹಿಂದೆಯೇ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದರದೆಂದು ನಿರ್ಣಯಿಸಿತು. ಅದೇ ವರ್ಷ ಅದು ಅಳಿವಿನ ಅತಿ ಗಂಡಾಂತರದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಹೆಸರಿಲ್ಲದವನು ಪಡಿತರದ ಚೀಟಿಯನ್ನೂ ಪಡೆಯಲಾರ. ಹೆಸರಿಲ್ಲದ ಮೀನು ರಕ್ಷಣೆಯ ಪಟ್ಟಿಗೆ ಹೇಗೆ ಸೇರೀತು?

ಇಷ್ಟರಲ್ಲಿ ಶಿಬಿರಗಳ ಗಾಳವೂ ನಿಂತಿತ್ತು. ಆ ಹೊಳೆಯ ಭಾಗ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದಲ್ಲಿದೆ. ಅಭಯಾರಣ್ಯದಲ್ಲಿ ಗಾಳವೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಅದು ಕೊನೆಗೊಂಡಿತು. ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವ ಆಟಕ್ಕೆ ಅಭಯದ ನೆಲದಲ್ಲಿ ಎಡೆಯಿಲ್ಲವೆಂಬ ವಾದದಲ್ಲಿ ಬಲವಿದೆ. ಗಾಳಗಾರ ಹೋದ ಮೇಲೆ ಹೊಳೆಯನ್ನು ದಿನವೂ ನೋಡುವ ಕಣ್ಣು, ಬರೆಯುವ ಕೈ ಎರಡೂ ಹೋದವೆಂಬ ಪ್ರತಿವಾದವನ್ನೂ ತಳ್ಳಿಹಾಕಲಾಗದು. ನನ್ನ ಮಟ್ಟಿಗೆ ಹೇಳುವುದಾದರೆ, ಗಾಳ ಇರಲಿ ಬಿಡಲಿ, ಆ ದಿನಚರಿ ಪುಸ್ತಕ ನಿಲ್ಲಬಾರದಾಗಿತ್ತು.

ಗಾಳವೇ ಇಲ್ಲದೆ ಮೀನನ್ನು ಕಾಯ್ದ ಪರಂಪರೆಯೂ ನಮ್ಮಲ್ಲಿದೆ. ಶೃಂಗೇರಿಯ ತುಂಗೆ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ, ಕಾವೇರಿಯ ರಾಮನಾಥಪುರ, ದಕ್ಷಿಣ ಕನ್ನಡದ ಶಿಶಿಲ: ಇಲ್ಲೆಲ್ಲ ಮೀನು ದೇವರದು, ಭಕ್ತರು ಮಂಡಕ್ಕಿ ಹಾಕುತ್ತಾರೆ, ಹಿಡಿಯುವುದಿಲ್ಲ. ಆದರೆ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಹಾಕಿದಾಗ ಮೀನುಗಳು ರಾಶಿರಾಶಿಯಾಗಿ ಸತ್ತವು. ಅವುಗಳ ನೆನಪಿಗೆ ಜನ ಅಲ್ಲಿ ಸ್ಮಾರಕವನ್ನು ಕಟ್ಟಿದರು. ಭಕ್ತಿ ದೊಡ್ಡ ಕಾವಲು. ಆದರೆ ಅದಕ್ಕೂ ಎಚ್ಚರದ ಜೊತೆ ಬೇಕೆಂಬುದನ್ನು ಆ ಸ್ಮಾರಕ ಹೇಳುತ್ತದೆ.

ಹೀಗೆ ನೋಡಿದರೆ ಹಿಡಿದು ಬಿಡುವ ಧರ್ಮಕ್ಕೆ ಎರಡು ಅರ್ಧಗಳು. ಕೈಯನ್ನು ನೆನೆಸಿಕೊಂಡು ಮೀನನ್ನು ಹಗುರಾಗಿ ಬಿಡುವುದು ಒಂದು ಅರ್ಧ. ಕೈಯಲ್ಲಿರುವುದು ಯಾವ ಮೀನು, ಯಾವ ಹೊಳೆಯದು, ಎಲ್ಲಿಗೆ ಬಿಡತಕ್ಕದ್ದು ಎಂದು ಅರಿಯುವುದು ಇನ್ನೊಂದು ಅರ್ಧ. ಕಾವೇರಿಯಲ್ಲಿ ಮೊದಲನೆಯದನ್ನು ನಾವು ಚೆನ್ನಾಗಿ ಕಲಿತೆವು. ಎರಡನೆಯದನ್ನು ಕಲಿಯುವ ಹೊತ್ತಿಗೆ ಬಹಳ ತಡವಾಗಿತ್ತು. ಕೃಷ್ಣೆಯ ಮೀನು ಕೃಷ್ಣೆಯಲ್ಲಿ ಸಂಪತ್ತು. ಅದೇ ಮೀನು ಕಾವೇರಿಯಲ್ಲಿ ಅಲ್ಲಿಯ ಒಡೆಯನ ಜಾಗವನ್ನು ಹಿಡಿದ ಅತಿಥಿ. ತಪ್ಪು ಮೀನಿನದಲ್ಲ.

ಪೀರನವಾಡಿಯ ಕವಲಿನಲ್ಲಿ ನಿಂತಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಕಣಕುಂಬಿಯ ಏಣಿನ ಈಚೆಯ ನೀರೇ ಬೇರೆ, ಆಚೆಯ ನೀರೇ ಬೇರೆ. ಈಚೆಯ ಹಳ್ಳದ ಮೀನನ್ನು ಆಚೆಯ ಹಳ್ಳಕ್ಕೆ ಒಯ್ದು ಬಿಡುವವನು ಪುಣ್ಯಕಾರ್ಯ ಮಾಡಿದೆನೆಂದು ತಿಳಿಯಬಹುದು. ಸಾವಿರಾರು ವರ್ಷಗಳಿಂದ ಬೆಟ್ಟ ಬೇರೆಯಾಗಿ ಇಟ್ಟದ್ದನ್ನು ಅವನು ಒಂದು ಕೊಡದಲ್ಲಿ ಕಲಸಿಬಿಡುತ್ತಾನೆ. ನನ್ನ ಅಜ್ಜ ಆ ಮರಿಯನ್ನು ಬಿಡಿಸಿದ್ದು ನಾವು ಅದನ್ನು ಹಿಡಿದ ಮಡುವಿನಲ್ಲಿಯೇ, ಹಿಡಿದ ಕಲ್ಲಿನ ಪಕ್ಕದಲ್ಲಿಯೇ. ಅದು ನನ್ನ ಬೆರಳುಗಳ ನಡುವೆ ಎರಡು ಕ್ಷಣ ನಿಂತು, ಒಮ್ಮೆ ಬಾಲ ಬೀಸಿ, ತಿಳಿನೀರಿನ ಕೆಳಗಿನ ನೆರಳಿಗೆ ಹೋಯಿತು.

“ನೋಡಿದೇನ ತಮ್ಮಾ,” ಎಂದ ಅಜ್ಜ, “ಅದಕ್ಕ ಅದರ ಮನಿ ಗೊತ್ತೈತಿ.”